ಎರಡನೆಯ ಸಾಕ್ಷಿ

ಫೆಬ್ರವರಿ 4

ಅಣ್ಣನಿಗೆ,

ಫೋನು ಮಾಡದೆ ಕಾಗದ ಬರೆದಿದ್ದಾಳೆಂದರೆ ಇವಳಿಗೆ ಏನೋ ಆಗಬೇಕಿದೆ ಎಂದು ಲಕೋಟೆ ಒಡೆಯುವ ಮೊದಲೇ ನೀನು ಊಹಿಸಿರುತ್ತೀಯ. ಊಹೆ ಸರಿಯಾಗಿದೆ. ಫೋನಿನಲ್ಲಿ ನಾವಿಬ್ಬರೂ ನಾಲ್ಕು ಮಾತು ಮುಗಿಯುವುದರೊಳಗೆ ಜಗಳಕ್ಕೆ ಬೀಳುತ್ತೇವೆ. ಅದೂ ಅಲ್ಲದೆ ಅಮ್ಮ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಇದು ಅವಳ ಕೈಗೆ ಸಿಗದ ಹಾಗೆ ಇಡು.

ಹಳೆಯ ಘಟನೆಗಳನ್ನು ಮತ್ತೆ ಕಟ್ಟಿ ಜನರಿಗೆ ತೋರಿಸುವ ಕೆಲಸ ನನ್ನದು ಎಂದಷ್ಟೇ ನಿನಗೆ ಗೊತ್ತು. ಈ ಸಲ ಕಟ್ಟುತ್ತಿರುವುದು ಬಂದರಿನ ಸೇತುವೆ. ಹೌದು, ನಮ್ಮದೇ ಸೇತುವೆ.

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಮೂವತ್ತೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ಸುತ್ತಲೂ ಎದ್ದು ನಿಲ್ಲುತ್ತದೆ. ಒಬ್ಬರೇ ಕೂತು ನೋಡುವ ಸಿನಿಮಾ ಅಲ್ಲ ಇದು. ಬೇರೆ ಬೇರೆ ಊರುಗಳಿಂದ ನಲವತ್ತು ಜನ ಒಂದೇ ಹೊತ್ತಿಗೆ ಒಳಗೆ ಬರುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ, ಮಾತಾಡುತ್ತಾರೆ, ಹೆದರಿದರೆ ಪಕ್ಕದವರ ಕೈ ಹಿಡಿಯುತ್ತಾರೆ. ಪ್ರತಿಯೊಬ್ಬರಿಗೂ ಆ ಕಾಲದ ಒಂದು ಮೈ ಸಿಗುತ್ತದೆ, ಚೀಟಿ ಎತ್ತಿದ ಹಾಗೆ. ಯಾರಿಗೆ ಹಮಾಲಿಯದೋ ಯಾರಿಗೆ ದಾದಿಯದೋ ಹೇಳಲಾಗದು. ದನಿಯೂ ಮೈಗೆ ತಕ್ಕಂತೆ ಬದಲಾಗುತ್ತದೆ. ಅವರ ನಡುವೆ ನಾವು ಕಟ್ಟಿದ ಜನಜಂಗುಳಿ ಇರುತ್ತದೆ. ಬ್ಯಾಂಡು ಬಾರಿಸುತ್ತದೆ, ದೊಡ್ಡ ಹಡಗು ಬರುತ್ತದೆ, ಅದನ್ನು ನೋಡಲು ಎಲ್ಲರೂ ಸೇತುವೆ ಹತ್ತುತ್ತಾರೆ. ಸೇತುವೆ ಕುಸಿಯುವ ಹೊತ್ತಿಗೆ ಎಲ್ಲವೂ ಬೆಳ್ಳಗಾಗಿಬಿಡುತ್ತದೆ. ರಕ್ತ ತೋರಿಸುವುದಿಲ್ಲ, ಹೆಣ ತೋರಿಸುವುದಿಲ್ಲ. ಆ ಬಿಳುಪಿನಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಆಮೇಲೆ ಸೇತುವೆ ಇಲ್ಲದ ದಡದ ಮೆಟ್ಟಿಲ ಮೇಲೆ ಜನ ಕೂತು ಮಾತಾಡಿಕೊಳ್ಳುತ್ತಾರೆ. ನಾನು ಒಳಗೆ ಅವರ ಜೊತೆ ಮಾರ್ಗದರ್ಶಿಯಾಗಿ ಇರುತ್ತೇನೆ.

ಆ ಹೆಸರುಗಳಲ್ಲಿ ಅಪ್ಪನ ಹೆಸರಿಲ್ಲ. ಬಂದರಿನ ಕ್ರೇನ್ ನಡೆಸುತ್ತಿದ್ದ ಮನುಷ್ಯ ಹಡಗು ನೋಡಲು ಹೋದ, ಬರಲಿಲ್ಲ, ಹೆಣವೂ ಸಿಗಲಿಲ್ಲ. ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತ ಯಾವನೋ, ‘ಬ್ಯಾಗು ಹಿಡ್ಕೊಂಡು ಬಸ್ಸು ಹತ್ತೋದನ್ನ ನೋಡಿದೆ’ ಅಂದ. ಅಲ್ಲಿಗೆ ಮುಗಿಯಿತು. ಊರಿಗೆ ಊರೇ ನಮ್ಮನ್ನು ಓಡಿಹೋದವನ ಮಕ್ಕಳು ಎಂದಿತು. ನಿನಗೆ ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಮುಷ್ಟಿ ಎತ್ತುತ್ತಿದ್ದೆ. ಶಾಲೆಯಲ್ಲಿ ಅದನ್ನು ಕೇಳಿಸಿಕೊಂಡು ಬೆಳೆದವಳು ನಾನು.

ನಮ್ಮಲ್ಲಿ ಒಂದು ನಿಯಮವಿದೆ. ಒಬ್ಬ ವ್ಯಕ್ತಿಯನ್ನು ಘಟನೆಯೊಳಗೆ ನಿಲ್ಲಿಸಬೇಕಾದರೆ ಅವನನ್ನು ಅಲ್ಲಿ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು. ಇಬ್ಬರು ಸಿಕ್ಕಿದರೆ ಅವನ ಹೆಸರನ್ನೂ ಓದುತ್ತಾರೆ. ಒಬ್ಬಳು ನಾನಿದ್ದೇನೆ. ಏಳು ವರ್ಷದವಳಾದರೇನು, ಅಪ್ಪ ಕಂಬಿ ಹಿಡಿದು ನಿಂತು ನಮ್ಮತ್ತ ಕೈ ಬೀಸಿದ್ದು ನನ್ನ ಕಣ್ಣ ಮುಂದಿದೆ. ನೀನು ನನ್ನ ಪಕ್ಕದಲ್ಲೇ ಇದ್ದೆ, ಹನ್ನೊಂದು ವರ್ಷದವನು. ‘ನಾನೂ ನೋಡಿದೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಮಾರ್ಚ್ 15ಕ್ಕೆ ಉದ್ಘಾಟನೆ.

ಈಗ ಲೈಬ್ರರಿಗಳಲ್ಲಿ ಹೆಡ್‌ಸೆಟ್ ಇಟ್ಟು ಉಚಿತವಾಗಿ ಪ್ರಯೋಗ ನಡೆಸುತ್ತಿದ್ದೇವೆ. ಬರುವವರು ಇಷ್ಟವಾದ ಅಡ್ಡಹೆಸರು ಇಟ್ಟುಕೊಳ್ಳಬಹುದು. ಮೊದಲ ದಿನ ಸಿಕ್ಕ ಮೈ ಪ್ರಯೋಗ ಮುಗಿಯುವ ತನಕ ಆ ಹೆಸರಿಗೇ ಇರುತ್ತದೆ. ‘ಪಕ್ಕದ್ಮನೆಯವಳು’ ಎಂದು ಹೆಸರಿಟ್ಟುಕೊಂಡ ಒಬ್ಬ ದಿನವೂ ಬರುತ್ತಾನೆ. ಸಿಕ್ಕಿರುವುದು ದಪ್ಪ ಹಮಾಲಿಯ ಮೈ, ಡೊಳ್ಳಿನಂಥ ದನಿ. ಆ ದನಿಯಲ್ಲಿ ಸಿಕ್ಕವರನ್ನೆಲ್ಲ ‘ತಿಂಡಿ ಆಯ್ತಾ?’ ಎಂದು ವಿಚಾರಿಸುತ್ತಾನೆ. ಕಾಲೇಜಿನ ತರಲೆ ಹುಡುಗನಿರಬೇಕು. ನಗು ಬರುತ್ತದೆ.

ಬೇಗ ಬರೆ. ಮುಳ್ಳಿನ ಮೇಲೆ ಕೂತ ಹಾಗಾಗಿದೆ.

ನಿನ್ನ ತಂಗಿ

•

ಫೆಬ್ರವರಿ 13

ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ಕಾಗದ ತಲುಪಿತು. ಉತ್ತರ ತಡವಾಯಿತು, ಸಿಡುಕಬೇಡ. ಈ ವಾರ ಲಿಫ್ಟುಗಳಿಗೆಲ್ಲ ಒಟ್ಟಿಗೇ ಕಾಯಿಲೆ ಬಂದಿದೆ. ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ಒಬ್ಬ ವೈದ್ಯ, ಇಬ್ಬರು ನೆಂಟರು, ಒಂದು ಸ್ಟ್ರೆಚರು. ಸ್ಟ್ರೆಚರಿನ ಮೇಲಿದ್ದ ಮುದುಕನೊಬ್ಬನೇ ಸಮಾಧಾನವಾಗಿದ್ದವನು. ‘ನಿಧಾನ ಮಾಡಪ್ಪ, ನನಗೇನು ಅರ್ಜೆಂಟಿಲ್ಲ, ಮೇಲೆ ಹೋದ್ರೆ ಆಪರೇಷನ್ನು’ ಎಂದು ಒಳಗಿಂದ ಕೂಗುತ್ತಿದ್ದ. ಕೈಯೆಲ್ಲ ಗ್ರೀಸು ಮಾಡಿಕೊಂಡು ನಾನು ಹೊರಗೆ ನಗುತ್ತಿದ್ದೆ.

ನಿನ್ನ ಅತ್ತಿಗೆಗೆ ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವೆಂದು ಮೂಲೆಯ ಅಂಗಡಿಗೂ ಹೋಗದಿದ್ದವಳು ಈಗ ತಿಂಡಿ ಆದ ಕೂಡಲೇ ಚಪ್ಪಲಿ ಮೆಟ್ಟಿ ಲೈಬ್ರರಿಗೆ ಹೊರಡುತ್ತಾಳೆ. ಏನು ಓದುತ್ತೀಯ ಎಂದರೆ ‘ಎಲ್ಲಾ ಹಳೇದೇ’ ಎನ್ನುತ್ತಾಳೆ. ಹೋಗಿ ಬರಲಿ, ಕಾಲಿಗೂ ಒಳ್ಳೆಯದು.

ನೀನು ಕೇಳಿದ ವಿಷಯ ಹೀಗೆ ನಿಂತ ಕಾಲಲ್ಲಿ ಬರೆಯುವಂಥದ್ದಲ್ಲ. ನನಗೆ ಪುರುಸೊತ್ತು ಕೊಡು. ಅಲ್ಲಿಯವರೆಗೆ ಅಪ್ಪನನ್ನು ಎಲ್ಲೂ ನಿಲ್ಲಿಸಬೇಡ. ನಿಲ್ಲಿಸುವ ಮೊದಲು ನನಗೊಂದು ಮಾತು ತಿಳಿಸು.

ಆ ದಪ್ಪ ಹಮಾಲಿಯ ವಿಷಯದಲ್ಲೂ ಅಷ್ಟೆ. ಊಟ ತಿಂಡಿ ವಿಚಾರಿಸುವುದೇನೂ ಅಪರಾಧವಲ್ಲವಲ್ಲ. ಏನು ಸಂಕಟವಿದೆಯೋ ಪಾಪ, ಬರಲಿ ಬಿಡು. ನೀನು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು, ಅದಕ್ಕೇ ಮುಂಚಿತವಾಗಿ ಹೇಳುತ್ತಿದ್ದೇನೆ.

ನೀನು ಬಂದು ಅಮ್ಮನನ್ನು ನೋಡಿ ಒಂದೂವರೆ ವರ್ಷವಾಯಿತು.

ಅಣ್ಣ

•

ಫೆಬ್ರವರಿ 19

ಅಣ್ಣನಿಗೆ,

ನಿನ್ನ ಕಾಗದದಲ್ಲಿ ಲಿಫ್ಟಿತ್ತು, ಮುದುಕನಿದ್ದ, ಮಂಡಿ ನೋವಿತ್ತು. ಅಪ್ಪನೊಬ್ಬ ಇರಲಿಲ್ಲ. ಒಂದು ಸಾಲು ಕೇಳಿದೆ, ನೀನು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳಿಸಿದೆ.

ನಾನೇನು ಮಗುವಲ್ಲ. ನೋಡಿದ್ದರೆ ನೋಡಿದೆ ಎನ್ನಲು ನಿನಗೆ ಎಷ್ಟು ಹೊತ್ತು ಬೇಕು? ನೋಡದಿದ್ದರೆ ಇಲ್ಲ ಎನ್ನಲು ಎಷ್ಟು ಹೊತ್ತು? ಎರಡನ್ನೂ ಹೇಳದವನು ಮೂರನೆಯದೇನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಅವನು ಬಸ್ಸಿನ ಕಡೆ ಹೋಗಿದ್ದನ್ನು ನೀನು ಕಂಡಿದ್ದೀಯ, ಅಲ್ಲವೇ? ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡು ಕೂತಿದ್ದೀಯ. ಹಾಗಿದ್ದರೆ ಅದನ್ನಾದರೂ ಬರೆ. ನಾನು ಈ ಕೋಣೆಯಿಂದ ಆ ಕೋಣೆಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಿದ್ದೇನೆ. ಹಜಾರದಲ್ಲಿ ಹೆಡ್‌ಸೆಟ್ ಕಟ್ಟಿಕೊಂಡವರು ಕೈ ಚಾಚಿ ಗಾಳಿ ತಡವುತ್ತಾ ನಡೆಯುತ್ತಾರೆ. ಅವರ ನಡುವೆ ನನ್ನ ಕಣ್ಣು ಬಿಟ್ಟೇ ಇದೆ, ಆದರೂ ನಿನ್ನೆ ಎರಡು ಸಲ ಗೋಡೆಗೆ ಢಿಕ್ಕಿ ಹೊಡೆದೆ.

ನಿನಗೆ ತಿಳಿಸದೆ ಮಾಡಿದ್ದನ್ನು ಈಗ ತಿಳಿಸುತ್ತೇನೆ. ಅಪ್ಪನನ್ನು ನಿಲ್ಲಿಸಿ ಹತ್ತು ದಿನವಾಯಿತು. ಪ್ರಯೋಗಕ್ಕೆಂದು ಮಾತ್ರ, ಹೆಸರಿಲ್ಲದೆ, ಗುಂಪಿನಲ್ಲಿ ಒಬ್ಬನಾಗಿ. ನಮ್ಮ ಸಮಿತಿಯ ಇತಿಹಾಸ ಮೇಷ್ಟ್ರಿಗೂ ಗೊತ್ತಿಲ್ಲ. ಅವನ ಫೋಟೊ ಇರುವುದು ಬಂದರಿನ ಗುರುತಿನ ಚೀಟಿಯದೊಂದೇ, ಮುಖ ಅರ್ಧ ಅಳಿಸಿದೆ. ಅದಕ್ಕೇ ಅವನನ್ನು ಬೆನ್ನು ತೋರಿಸಿ ನಡೆಸಿದ್ದೇನೆ. ನಡಿಗೆ ನಿನ್ನದು! ಹೋದ ವರ್ಷ ಸುಮ್ಮನೆ ನೋಡುತ್ತೇನೆಂದು ನಿನ್ನ ಮದುವೆಯ ವಿಡಿಯೊ ತರಿಸಿಕೊಂಡಿದ್ದೆನಲ್ಲ, ಅದರಿಂದ ತೆಗೆದೆ. ಎಡಭುಜ ಇಳಿಬಿಟ್ಟು, ಹೆಜ್ಜೆಗೊಮ್ಮೆ ಸ್ವಲ್ಪ ವಾಲುವುದು. ನೀನು ಅಪ್ಪನ ಹಾಗೇ ನಡೆಯುತ್ತೀಯ ಎಂದು ಅತ್ತೆಯಂದಿರೆಲ್ಲ ಹೇಳುತ್ತಿದ್ದರು. ಮೊದಲ ಸಲ ಅವನು ಸೇತುವೆ ಹತ್ತಿ ಹೋದಾಗ ಮಾರ್ಗದರ್ಶಿ ತಾನೇ ಮಾತು ಮರೆತು ನಿಂತಿದ್ದಳು. ಜನ ಅದನ್ನೂ ನಾಟಕದ ಭಾಗವೆಂದುಕೊಂಡರು.

ಇನ್ನು ನಿನ್ನ ಆ ಪಾಪದ ಹಮಾಲಿ. ಪೂರ್ತಿ ತಲೆ ಕೆಟ್ಟಿದೆ ಅವನಿಗೆ. ಹತ್ತು ದಿನದಿಂದ ತಿಂಡಿಯ ವಿಚಾರಣೆ ಬಿಟ್ಟು ಸೇತುವೆಯ ಬಾಯಲ್ಲಿ ಕೈ ಅಗಲಿಸಿ ನಿಂತು, ‘ಇಳಿಯೋ ಕೆಳಗೆ! ಇಳಿ ಅಂದ್ರೆ ಇಳಿಬೇಕು!’ ಎಂದು ಕಿರುಚುತ್ತಾನೆ. ಮೊನ್ನೆ ಶಾಲೆಯ ಮಕ್ಕಳು ಹೆದರಿ ಹೆಡ್‌ಸೆಟ್ ಕಿತ್ತೆಸೆದರು. ನಿನ್ನೆ ಗುಂಪಿನೊಳಗೆ ನುಗ್ಗಿ ಅಪ್ಪನ ಬೆನ್ನ ಹಿಂದೆ ಓಡಿದ. ಎಷ್ಟೋ ಜನರಿರುವಾಗ ಅವನಿಗೆ ಅಪ್ಪನೇ ಬೇಕಾಗಿತ್ತೇ? ತೋಳು ಹಿಡಿದೆಳೆಯಲು ನೋಡಿದ, ಕೈ ಗಾಳಿಯಲ್ಲಿ ತೂರಿ ಹೋಯಿತು, ಮತ್ತೆ ಹಿಡಿಯಲು ಹೋದ. ನನಗೆ ಮೈಯೆಲ್ಲ ಉರಿಯಿತು. ಇವತ್ತು ಬೆಳಿಗ್ಗೆ ಅವನಿಗೆ ಪ್ರವೇಶ ನಿಷೇಧಿಸಿದೆ. ಇನ್ನು ಯಾವ ಊರಿನ ಯಾವ ಹೆಡ್‌ಸೆಟ್ಟಿನಿಂದಲೂ ಆ ಹೆಸರು ಒಳಗೆ ಬರುವಂತಿಲ್ಲ.

ಮೇಷ್ಟ್ರು ಮಾರ್ಚ್ 10ರ ಗಡುವು ಹೇಳಿದ್ದಾರೆ. ಅಷ್ಟರೊಳಗೆ ಎರಡನೆಯ ಸಾಕ್ಷಿ ಬರದಿದ್ದರೆ ಅಪ್ಪನನ್ನು ನಾನೇ ಅಳಿಸಬೇಕು. ಅವನನ್ನು ಇನ್ನೊಮ್ಮೆ ಕಾಣೆ ಮಾಡುವ ಕೆಲಸ ನನ್ನ ಕೈಯಲ್ಲಿ ಮಾಡಿಸಬೇಡ.

ತಂಗಿ

•

ಮಾರ್ಚ್ 1

ತಂಗೀ,

ಇದನ್ನು ಕೂತುಕೊಂಡು ಓದು.

ನೀನು ಹೊರಗೆ ಹಾಕಿದ ಹಮಾಲಿ ಅಮ್ಮ.

ಬರೆಯಲು ಇಷ್ಟು ದಿನ ತೆಗೆದುಕೊಂಡದ್ದಕ್ಕೆ ಬೈದುಕೋ. ಆಣೆ ಹಾಕಿಸಿಕೊಂಡಿದ್ದಳು. ಜನವರಿಯಲ್ಲಿ ಲೈಬ್ರರಿಯ ಲಿಫ್ಟು ಸರಿಮಾಡಲು ಹೋದಾಗ ಗೋಡೆಯ ಮೇಲೆ ನಿಮ್ಮ ಸೇತುವೆಯ ಚಿತ್ರ ನೋಡಿದೆ, ಕೆಳಗೆ ನಿನ್ನ ಹೆಸರಿತ್ತು, ಮನೆಗೆ ಬಂದು ಬಾಯಿಬಿಟ್ಟೆ. ಮಗಳು ಏನು ಕೆಲಸ ಮಾಡುತ್ತಾಳೆಂದು ನೋಡಬೇಕೆಂದಳು. ನೀನಾಗಿ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ. ‘ಅವಳಿಗೆ ಹೇಳಬೇಡ ಕಣೋ. ನಾನು ನೋಡ್ತೀನಿ ಅಂತ ಗೊತ್ತಾದ್ರೆ ನನ್ನನ್ನ ಗಾಜಿನ ಲೋಟದ ಥರ ಎತ್ತಿ ಕಪಾಟಲ್ಲಿ ಇಟ್ಟುಬಿಡ್ತಾಳೆ’ ಅಂದಳು. ಹೆಡ್‌ಸೆಟ್ಟಿಗೆ ಅವಳು ಇಟ್ಟ ಹೆಸರು ಕುದುರೆಯ ಕಣ್ಣುಪಟ್ಟಿ. ಮೊದಲ ದಿನ ಬಂದು, ‘ನನಗೆ ಮೀಸೆ ಕೊಟ್ಟಿದಾಳೆ ನಿನ್ನ ನಾದಿನಿ’ ಎಂದು ಸೊಸೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ವರ್ಷವಾಗಿತ್ತು ಅವಳು ಹಾಗೆ ನಕ್ಕು. ಅದಕ್ಕೇ ನಾನು ಬಾಯಿ ಹೊಲಿದುಕೊಂಡೆ. ನಿನ್ನ ಜೊತೆ ಒಂದೇ ಜಾಗದಲ್ಲಿ ಓಡಾಡುವುದು, ನೀನು ಜನರಿಗೆ ವಿವರಿಸುವುದನ್ನು ಹಿಂದೆ ನಿಂತು ಕೇಳುವುದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಫೆಬ್ರವರಿ ಎರಡನೇ ವಾರ ಏನೋ ಆಯಿತು. ಕೆಲಸದ ಮಧ್ಯೆ ಗಳಿಗೆಗೊಮ್ಮೆ ಫೋನು. ‘ಎಲ್ಲಿದೀಯ? ನೆಲದ ಮೇಲಿದೀಯ ತಾನೆ?’ ಲಿಫ್ಟಿನ ಬಾವಿಯಲ್ಲಿ ನೇತಾಡುತ್ತಾ ಇದಕ್ಕೇನು ಉತ್ತರ ಕೊಡಲಿ? ಮನೆಗೆ ಬಂದರೆ ತೋಳು ಹಿಡಿದು ಅಮುಕಿ ನೋಡುತ್ತಿದ್ದಳು. ವಯಸ್ಸಾಯಿತೆಂದುಕೊಂಡೆ. ವೈದ್ಯರ ಹತ್ತಿರ ಕರೆದುಕೊಂಡು ಹೋಗಲು ದಿನವೂ ಗೊತ್ತುಮಾಡಿದ್ದೆ.

ನೀನು ನಿಷೇಧ ಹಾಕಿದ ದಿನ ಬೇಗ ಹಿಂದಿರುಗಿದಳು. ಹೆಡ್‌ಸೆಟ್ಟಿನೊಳಗೆ ‘ನಿಮಗೆ ಪ್ರವೇಶವಿಲ್ಲ’ ಎಂದು ಬಂತಂತೆ. ಚಪ್ಪಲಿ ಕಳಚದೆ ಹಾಗೇ ಕುರ್ಚಿಯಲ್ಲಿ ಕೂತಳು. ಊಟ ಬೇಡ, ಮಾತು ಬೇಡ. ನಿನ್ನ ಮೇಲಿನ ಕೋಪವೆಂದೇ ನಾನು ತಿಳಿದೆ. ಮೊನ್ನೆ ಬಾಯಿಬಿಟ್ಟಳು. ‘ಅಲ್ಲಿ ನೀನಿದೀಯ ಕಣೋ, ಸೇತುವೆ ಮೇಲೆ. ಬೆನ್ನು ನೋಡಿದ್ರೆ ನನಗೆ ಗೊತ್ತಾಗಲ್ವಾ? ದಿನಾ ಹತ್ತಿಹೋಗ್ತೀಯ, ದಿನಾ ಬೀಳ್ತೀಯ. ನಾನು ಹೋಗಿ ತಡೀತಿದ್ದೆ. ಈಗ ಯಾರಿದಾರೆ ತಡೆಯೋಕೆ?’

ಆಗ ನಿನ್ನ ಕಾಗದ ತೆಗೆದು ಓದಿ ಹೇಳಿದೆ. ಅದು ಅಪ್ಪನಮ್ಮಾ, ನಡಿಗೆ ಮಾತ್ರ ನನ್ನದು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ‘ನಿಮ್ಮಪ್ಪ ಯಾವತ್ತೋ ಹಾಗೆ ನಡೆದದ್ದು? ನೆಟ್ಟಗೆ ನಡೀತಿದ್ರು, ಎದೆ ಮುಂದೆ ಮಾಡಿ. ಈ ವಾಲೋದು ರಿಪೇರಿ ಸಾಮಾನಿನ ಪೆಟ್ಟಿಗೆ ಹೊತ್ತು ನಿನಗೆ ಬಂದದ್ದು.’ ಅತ್ತೆಯಂದಿರು ತಂದೆಯಿಲ್ಲದ ಹುಡುಗನನ್ನು ಸಮಾಧಾನ ಮಾಡಲು ಏನೋ ಅಂದರು, ಅಷ್ಟೆ. ಅದನ್ನು ನಾನೂ ನಂಬಿದ್ದೆ. ಕೇಳಿದ ಮೇಲೆ ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿಕೊಂಡೆ, ಬರೆಯಲು ನಾಚಿಕೆಯಿಲ್ಲ.

ನಿನ್ನ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ನಾನು ಏನನ್ನೂ ಮುಚ್ಚಿಟ್ಟಿಲ್ಲ. ಅಪ್ಪನನ್ನು ಸೇತುವೆಯ ಮೇಲೂ ನೋಡಲಿಲ್ಲ, ಬಸ್ಸಿನ ಹತ್ತಿರವೂ ನೋಡಲಿಲ್ಲ. ಬ್ಯಾಂಡಿನವನ ದೊಡ್ಡ ಡೋಲು ನೋಡುತ್ತಿದ್ದೆ. ಕಣ್ಣು ತೆಗೆದಾಗ ಸೇತುವೆ ಇರಲಿಲ್ಲ.

ಅಮ್ಮನ ಜೊತೆ ಮಾತಾಡು.

ಅಣ್ಣ

•

ಮಾರ್ಚ್ 7

ಅಣ್ಣಾ,

ನಿನ್ನ ಕಾಗದ ಕೆಲಸದ ಜಾಗದಲ್ಲಿ ಕೈಗೆ ಬಂತು. ಓದಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತೆ. ಹೊರಗೆ ಬಂದು ಮಾಡಿದ ಮೊದಲ ಕೆಲಸ ಆ ನಿಷೇಧ ತೆಗೆದದ್ದು. ಎರಡನೆಯದು, ನಿನ್ನ ನಡಿಗೆಯವನನ್ನು ಅಳಿಸಿದ್ದು. ಮೂರನೆಯದು ಅಮ್ಮನಿಗೆ ಫೋನು. ‘ಯಾರು?’ ಅಂದಳು. ನಾನಮ್ಮಾ ಅಂದೆ. ‘ಗೊತ್ತು, ನಿಷೇಧ ತೆಗೆದ್ಯಾ?’ ಅಂದಳು. ತೆಗೆದೆ ಎಂದೆ. ‘ಹಾಗಾದ್ರೆ ನಾಳೆ ಬರ್ತೀನಿ’ ಎಂದು ಫೋನಿಟ್ಟಳು. ನಾನು ಕ್ಷಮೆ ಕೇಳಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಮರುದಿನ ಬಂದಳು. ಆ ಹೊತ್ತಿಗೆ ಬೇರೆ ಯಾರನ್ನೂ ಬಿಡಲಿಲ್ಲ. ನಿಷೇಧದಲ್ಲಿ ಹಳೆಯ ಮೈ ಹೋಗಿತ್ತು, ಈ ಸಲ ಅವಳಿಗೆ ಸಿಕ್ಕಿದ್ದು ಎರಡು ಜಡೆಯ ಶಾಲೆ ಹುಡುಗಿಯ ಮೈ. ಆ ಪುಟ್ಟ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಕೀಚಲು ದನಿಯಲ್ಲಿ, ‘ಇಷ್ಟು ಸೊರಗಿದೀಯಲ್ಲೇ, ಸರಿಯಾಗಿ ಊಟ ಮಾಡ್ತೀಯೋ ಇಲ್ವೋ?’ ಅಂದಳು. ಮಾರ್ಗದರ್ಶಿಯ ಮೈ ನನ್ನದಲ್ಲ, ಅದನ್ನು ಯಂತ್ರ ಕೊಟ್ಟದ್ದು ಎಂದು ಅವಳಿಗೆ ಹೇಗೆ ವಿವರಿಸಲಿ? ನಕ್ಕೆ, ನಗುತ್ತಲೇ ಅಳು ಬಂತು. ದಡದ ಮೆಟ್ಟಿಲ ಮೇಲೆ ಕೂತೆವು.

ಅಪ್ಪ ಓಡಿಹೋದನೇ ಅಮ್ಮಾ ಎಂದು ಕೇಳಿಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

‘ಗೊತ್ತಿಲ್ಲ’ ಅಂದಳು. ‘ಬ್ಯಾಗು ಯಾಕೆ ತಗೊಂಡು ಹೋದ್ರೋ ಇವತ್ತಿಗೂ ಗೊತ್ತಿಲ್ಲ. ಬ್ಯಾಗು ಹಿಡ್ಕೊಂಡೂ ಹಡಗು ನೋಡಬಹುದು, ಅಲ್ವಾ?’

ನಾನು ಹೇಳಿದೆ, ಅಮ್ಮಾ, ಎರಡನೆಯ ಸಾಕ್ಷಿ ಸಿಕ್ಕರೆ ಅಪ್ಪ ಇಲ್ಲೇ ಇದ್ದನೆಂದು ಗಟ್ಟಿಯಾಗುತ್ತದೆ, ಹೆಸರು ಓದುತ್ತಾರೆ, ಊರಿನ ಬಾಯಿ ಮುಚ್ಚುತ್ತದೆ, ನಿನಗೆ ಅದು ಬೇಡವೇ? ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ನೋಡೇ, ಸಿಟ್ಟು ಬಂದ ದಿನ ನಾನು ಅವರನ್ನ ಬಿಟ್ಟುಹೋದ್ರು ಅಂತ ಬೈತೀನಿ. ನೆನಪಾದ ದಿನ ಸತ್ತುಹೋದ್ರು ಅಂತ ಅಳ್ತೀನಿ. ಯಾವ ದಿನ ಯಾವುದು ಅಂತ ಬೆಳಿಗ್ಗೆ ಎದ್ದಾಗ ನನಗೇ ಗೊತ್ತಿರಲ್ಲ. ಎರಡನ್ನೂ ಇಟ್ಕೊಂಡೇ ನಿಮ್ಮನ್ನ ಸಾಕಿದೆ. ಈಗ ನೀನು ಬಂದು ಒಂದನ್ನೇ ಗಟ್ಟಿ ಮಾಡಿಬಿಟ್ರೆ, ಸಿಟ್ಟು ಬಂದ ದಿನ ನಾನು ಯಾರನ್ನ ಬೈಲಿ? ನೀರಲ್ಲಿ ಬಿದ್ದು ಸತ್ತವರನ್ನ ಬೈಯೋಕಾಗುತ್ತಾ? ಅದೂ ದಿನಾ ಬೆಳಿಗ್ಗೆ ಸಾಯಿಸ್ತೀಯ, ಭಾನುವಾರ ಎರಡೆರಡು ಸಲ.’

ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಿನ್ನುತ್ತಿರುವುದು ಇನ್ನೊಂದು. ಅವನ ನಡಿಗೆ ನನಗೆ ನೆನಪಿದೆ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಅದು ನಿನ್ನದಾಗಿತ್ತು. ಹಾಗಾದರೆ ಕಂಬಿ ಹಿಡಿದು ಕೈ ಬೀಸಿದವನು ಯಾರು? ನಿಜಕ್ಕೂ ನೋಡಿದೆನೋ, ಶಾಲೆಯ ಹುಡುಗಿಯರ ಬಾಯಿ ಮುಚ್ಚಿಸಲು ಕಟ್ಟಿಕೊಂಡೆನೋ? ನೆನೆದಷ್ಟೂ ಅವನ ಮುಖದ ಜಾಗದಲ್ಲಿ ಗುರುತಿನ ಚೀಟಿಯ ಅಳಿಸಿದ ಫೋಟೊ ಬರುತ್ತದೆ. ಮೊದಲಿನಿಂದ ಹಾಗೇ ಇತ್ತೇ? ತಲೆ ಒಡೆದುಹೋಗುತ್ತದೆ.

ಇಷ್ಟಾದರೂ ನನ್ನ ಮನಸ್ಸು ಹಟ ಬಿಟ್ಟಿಲ್ಲ. ಮಾರ್ಚ್ 10ಕ್ಕೆ ಇನ್ನೂ ದಿನವಿದೆ. ನೀನು ಒಂದೇ ಒಂದು ಸಾಲು ಬರೆದು ಕಳಿಸಿದರೆ ನಾನೇನು ಮಾಡಿಯೇನೋ ನನಗೇ ಗೊತ್ತಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ, ಬರೆಯಬೇಡ.

ತಂಗಿ

•

ಮಾರ್ಚ್ 7

ಪ್ರೀತಿಯ ಬೆಂಕಿಪೊಟ್ಟಣಕ್ಕೆ,

ಅಮ್ಮ ಲೈಬ್ರರಿಯಿಂದ ಬಂದು ನಗುಮುಖದಿಂದ ಊಟ ಮಾಡಿದಳು. ನೀವಿಬ್ಬರೂ ಏನು ಮಾತಾಡಿದಿರೆಂದು ಕೇಳಿದರೆ ‘ಹೆಂಗಸರ ಮಾತು, ನಿನಗ್ಯಾಕೆ?’ ಎಂದು ಬಾಯಿ ಮುಚ್ಚಿಸಿದಳು. ಅಂತೂ ನೀವು ರಾಜಿಯಾದದ್ದು ನನಗೆ ದೊಡ್ಡ ಸಮಾಧಾನ. ಅಪ್ಪನನ್ನು ನಿಲ್ಲಿಸಲು ಅವಳೂ ಒಪ್ಪಿರಬೇಕೆಂದು ತಿಳಿದು ಇದನ್ನು ಕಳಿಸುತ್ತಿದ್ದೇನೆ.

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಲಂಗದ ತುಂಬ ಶಾಯಿ ಮಾಡಿಕೊಂಡು ಬಂದೆ. ಯಾರು ಚೆಲ್ಲಿದರೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ನಾನೇ ಒಗೆದೆ, ಹೋಗಲಿಲ್ಲ. ಅದೇ ಲಂಗ ಹಾಕಿಕೊಂಡು ಮತ್ತೆ ಶಾಲೆಗೆ ಹೋದೆ. ನಿನಗೆ ಬೇಕಾಗಿರುವುದು ಒಂದು ಸಾಲು. ಅಷ್ಟನ್ನು ಕೊಡಲಾಗದವನು ಎಂಥ ಅಣ್ಣ?

ಇದರ ಕೆಳಗೆ ಹೇಳಿಕೆ ಇದೆ, ಸಹಿ ಹಾಕಿದ್ದೇನೆ. ನಿಮ್ಮ ಮೇಷ್ಟ್ರು ಕರೆಸಿ ಕೇಳಿದರೂ ಎದೆ ತಟ್ಟಿ ಹೇಳುತ್ತೇನೆ.

ಅಣ್ಣ

‘ಆ ದಿನ ನಾನು ತಂಗಿಯ ಕೈ ಹಿಡಿದು ದಡದಲ್ಲಿ ನಿಂತಿದ್ದೆ. ನಮ್ಮ ತಂದೆ ಸೇತುವೆಯ ಮೂರನೆಯ ದೀಪದ ಕಂಬದ ಪಕ್ಕ ಇದ್ದರು. ನೀಲಿ ಅಂಗಿ, ಬಲಗೈಯಲ್ಲಿ ಬ್ಯಾಗು. ಎಲ್ಲರೂ ಹಡಗಿನ ಕಡೆ ನೋಡುತ್ತಿದ್ದರು, ಅವರೊಬ್ಬರು ನಮ್ಮ ಕಡೆ ತಿರುಗಿದ್ದರು. ತಂಗಿ ಚಿಕ್ಕವಳು, ಕಾಣಿಸುತ್ತಿಲ್ಲವೇನೋ ಎಂದು ನಾನು ಅವಳನ್ನು ಎತ್ತಿ ಹಿಡಿದೆ. ಅವರು ಕೈ ಬೀಸಿದರು. ಇದು ನಾನು ಕಣ್ಣಾರೆ ಕಂಡದ್ದು.’

•

ಮಾರ್ಚ್ 16

ಅಣ್ಣಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ಬರೆಯಬೇಡ ಎಂದದ್ದು ನಿನಗೆ ತಲುಪುವ ಹೊತ್ತಿಗೆ ಬರೆದದ್ದು ನನಗೆ ತಲುಪಿತ್ತು.

ಎಷ್ಟು ಚೆನ್ನಾಗಿ ಸುಳ್ಳು ಬರೆದಿದ್ದೀಯೋ! ಕತೆ ಬರೆಯಬೇಕಿದ್ದ ಕೈ ಲಿಫ್ಟಿನ ರಿಪೇರಿಯಲ್ಲಿ ವ್ಯರ್ಥವಾಗುತ್ತಿದೆ. ‘ಅವಳನ್ನು ಎತ್ತಿ ಹಿಡಿದೆ’ ಎಂಬಲ್ಲಿಗೆ ಬಂದಾಗ ನಿನ್ನ ಕೈ ನನ್ನ ಕಂಕುಳಲ್ಲಿ ತಾಗಿದ ಹಾಗಾಯಿತು. ಇನ್ನೆರಡು ಸಲ ಓದಿದರೆ ನನಗೂ ಅದು ನೆನಪಾಗಿಯೇ ಬಿಡುತ್ತಿತ್ತು. ಹೆದರಿ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಎರಡು ದಿನ ಅದನ್ನು ಹೊತ್ತು ತಿರುಗಿದೆ. ಕೊಡಲೂ ಆಗಲಿಲ್ಲ, ಹರಿಯಲೂ ಆಗಲಿಲ್ಲ.

ಹತ್ತನೇ ತಾರೀಖು ಮೇಷ್ಟ್ರು ಬಂದು ನನ್ನ ಮೇಜಿನ ಮೇಲೆ ಕೈಯೂರಿ, ‘ಏನಮ್ಮಾ, ಎರಡನೇ ಸಾಕ್ಷಿ ಸಿಕ್ತಾ?’ ಅಂದರು. ಬ್ಯಾಗು ನನ್ನ ಕಾಲ ಬಳಿಯೇ ಇತ್ತು. ‘ಇಲ್ಲ ಸಾರ್’ ಎಂದೆ. ‘ಮೊದಲನೇ ಸಾಕ್ಷಿಯನ್ನೂ ವಾಪಸ್ ತಗೊಳ್ತೀನಿ. ನೋಡಿದೆನೋ ಇಲ್ವೋ ನನಗೇ ಗೊತ್ತಿಲ್ಲ.’ ಅವರು ತಮ್ಮ ಜಾಗಕ್ಕೆ ಹೋದರು. ನನಗೆ ಹಗುರಾಗಲಿಲ್ಲ. ಅಪ್ಪನನ್ನು ಊರಿನ ಬಾಯಿಗೆ ನಾನೇ ಇನ್ನೊಮ್ಮೆ ಕೊಟ್ಟೆ ಎನ್ನಿಸಿತು. ಈಗಲೂ ಒಂದೊಂದು ಗಳಿಗೆ ಹಾಗನ್ನಿಸುತ್ತದೆ. ನಿನ್ನಿಂದ ಮುಚ್ಚಿಡುವುದಿಲ್ಲ.

ನಿನ್ನೆ ಉದ್ಘಾಟನೆ. ಒಳಗೆ ಪೂರ್ತಿ ನಲವತ್ತು ಜನ. ಯಾರೋ ದೊಡ್ಡ ಅಧಿಕಾರಿಗೆ ಮೀನು ಮಾರುವವಳ ಮೈ ಸಿಕ್ಕಿತ್ತು, ಬುಟ್ಟಿ ಹೊತ್ತು ಗಂಭೀರವಾಗಿ ಓಡಾಡುತ್ತಿದ್ದರು. ಅಮ್ಮನಿಗೆ ಅದೃಷ್ಟಕ್ಕೆ ಅಜ್ಜಿಯ ಮೈಯೇ ಬಂದಿತ್ತು. ಅವಳು ಯಾರನ್ನೂ ತಡೆಯಲಿಲ್ಲ, ದಡದಲ್ಲೇ ನಿಂತಳು. ಬ್ಯಾಂಡು ಬಾರಿಸಿತು, ಹಡಗು ಬಂತು, ಬೆಳ್ಳಗಾಯಿತು. ಹೆಸರುಗಳನ್ನು ಓದಿದರು. ಅಪ್ಪನ ಹೆಸರು ಬರಬೇಕಿದ್ದ ಜಾಗ ನನಗೆ ಬಾಯಿಪಾಠವಾಗಿತ್ತು. ಅಲ್ಲಿ ಮುಂದಿನ ಹೆಸರು ಬಂತು.

ಜನ ಮೆಟ್ಟಿಲ ಮೇಲೆ ಕೂತು ಪಿಸುಮಾತಿನಲ್ಲಿದ್ದರು. ಅಮ್ಮ ಎದ್ದಳು. ಸೇತುವೆ ತುಂಡಾದ ಅಂಚಿನ ತನಕ ಹೋಗಿ, ಏನೂ ಇಲ್ಲದ ಕಡೆ ಮುಖ ಮಾಡಿ ಶುರುಮಾಡಿದಳು.

‘ಹಡಗು ನೋಡಿ ಬರ್ತೀನಿ ಅಂದ್ರಲ್ಲ, ಎಷ್ಟು ದೊಡ್ಡ ಹಡಗು ಅದು? ಇನ್ನೂ ನೋಡಿ ಮುಗೀಲಿಲ್ವಾ? ಬ್ಯಾಗಲ್ಲಿ ಏನಿತ್ತು? ನನಗೆ ಹೇಳಿದ್ರೆ ನಾನೇನು ಕಿತ್ಕೊಳ್ತಿದ್ನಾ? ಹುಡುಗಂಗೆ ಕೆಲಸ ಕಲಿಸೋರು ಯಾರೂ ಇರಲಿಲ್ಲ. ಹುಡುಗಿ ಎಲ್ಲಿ ಹೋದ್ರೂ ನಿಮ್ಮನ್ನ ಹೊತ್ಕೊಂಡೇ ಹೋಗ್ತಾಳೆ, ಮೂವತ್ತೆಂಟಾಯ್ತು ಅವಳಿಗೆ, ಇಳಿಸು ಅಂದ್ರೆ ಇಳಿಸಲ್ಲ. ಇದ್ದಿದ್ರೆ ಬರಬೇಕಿತ್ತು. ಸತ್ತಿದ್ರೆ ಸಿಗಬೇಕಿತ್ತು. ಎರಡೂ ಮಾಡಲಿಲ್ಲ ನೀವು. ಇಂಥವರನ್ನ ಕಟ್ಕೊಂಡು ನಾನು…’

ಮುಂದೆ ಇನ್ನೂ ಇತ್ತು. ಅಮ್ಮ ಬೈಯುವುದು ನಿನಗೆ ಗೊತ್ತೇ ಇದೆ. ಮೀನಿನ ಬುಟ್ಟಿಯ ಅಧಿಕಾರಿ ನನ್ನ ಹತ್ತಿರ ಬಂದು, ‘ಈ ಪಾತ್ರ ತುಂಬ ಚೆನ್ನಾಗಿ ಮಾಡಿಸಿದೀರಿ, ಮಾತು ಬರೆದವರು ಯಾರು?’ ಅಂದರು.

ಆಗ ಒಬ್ಬ ಗುಮಾಸ್ತ ನನ್ನ ತೋಳು ತಟ್ಟಿದ. ಟೋಪಿ, ಕನ್ನಡಕ, ಒಡೆದ ಗಂಟಲು. ಮಾತು ಕೇಳಿದರೆ ಒಳಗಿರುವುದು ಯಾವುದೋ ಶಾಲೆಯ ಮಗು. ‘ಮಿಸ್, ಆ ಅಜ್ಜಿ ಯಾರನ್ನ ಬೈತಿದಾರೆ? ಅಲ್ಲಿ ಯಾರೂ ಇಲ್ವಲ್ಲ.’

‘ನಮ್ಮಪ್ಪನ್ನ’ ಎಂದೆ.

‘ಅವರು ಸತ್ತುಹೋದ್ರಾ?’

ಮೆಟ್ಟಿಲ ಮೇಲಿದ್ದವರೆಲ್ಲ ಈ ಕಡೆ ತಿರುಗಿದ್ದರು. ಅಮ್ಮನೂ ಬೈಯುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಈ ಪ್ರಶ್ನೆಗೆ ನಾನು ‘ಹೌದು’ ಎಂದು ಬೇಗ ಹೇಳಿ ಮಾತು ಬದಲಿಸುತ್ತಿದ್ದೆ, ನಿನಗೆ ಗೊತ್ತು.

‘ಗೊತ್ತಿಲ್ಲ ಮರಿ’ ಎಂದೆ. ‘ನಮಗೆ ಯಾರಿಗೂ ಗೊತ್ತಿಲ್ಲ.’

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, ಅಣ್ಣ. ಅಮ್ಮ ತಲೆಯಾಡಿಸಿ ಮತ್ತೆ ನೀರಿನ ಕಡೆ ತಿರುಗಿ, ಬಿಟ್ಟಲ್ಲಿಂದ ಮುಂದುವರಿಸಿದಳು.

ನಿನ್ನ ತಂಗಿ